ಸುಣ್ಣಕ್ಕೆ ಸಿಕ್ಕ ಉಂಗುರದ ಬೆರಳು

ಫ್ರೆಂಡ್ಸ್, ನನ್ನ ಬೆರಳು ಬಚಾವಾಯಿತು! ಮದುವೆಯಾಗಿ ಇಪ್ಪತ್ತೆರಡೇ ದಿನ. ಹೊನ್ನಾವರದ ಅತ್ತೆಮನೆಯಲ್ಲಿ ಇವತ್ತು ಬೆಳಿಗ್ಗೆ ಮಾವನ ಎಲೆ-ಅಡಿಕೆ ಕವಳಕ್ಕೆಂದು ಡಬ್ಬಿಗೆ ಹೊಸ ಸುಣ್ಣ ತುಂಬಿಸುತ್ತಿದ್ದೆ. ಸ್ವಲ್ಪ ಸುಣ್ಣ ಉಂಗುರದ ಕೆಳಗೆ ನುಗ್ಗಿ ಬೆರಳು ಉರಿಯತೊಡಗಿತು.

ನಾನೋ ಕೆಮಿಸ್ಟ್ರಿ ಪಂಡಿತೆ! ಸುಣ್ಣ ಬೇಸ್, ಲಿಂಬೆ ಆಸಿಡ್, ಎರಡೂ ಸೇರಿದರೆ ಶಾಂತಿ ಎಂದುಕೊಂಡು ಲಿಂಬೆಹಣ್ಣು ಕೊಯ್ದೆ. ಅತ್ತೆ ಓಡಿಬಂದು ಅದನ್ನು ಕಿತ್ತುಕೊಂಡರು.

"ಎಂತ ಮಾಡ್ತೆ ಕೂಸೆ? ಸುಟ್ಟ ಕೈಗೆ ಹುಳಿ ಹಿಂಡ್ತ್ಯ? ನೀರಿಗೆ ಹಿಡಿ! ಉಂಗ್ರ ತೆಗಿ!"

"ಮದುವೆ ಉಂಗುರ ಅತ್ತೆ! ಯಾವತ್ತೂ ತೆಗೆಯುವುದಿಲ್ಲ ಅಂತ ಇವರಿಗೆ ಮಾತು ಕೊಟ್ಟಿದ್ದೇನೆ!"

"ಬೆರಳಿದ್ರೆ ಅಲ್ದಾ ಉಂಗ್ರ? ಅವಂಗೆ ನಾ ಹೇಳ್ತೆ."

ನಲ್ಲಿಯ ಕೆಳಗೆ ನನ್ನ ಕೈ ಹಿಡಿದು ಅವರೇ ಉಂಗುರ ಜಾರಿಸಿ ತೆಗೆದರು. ಅದರಡಿ ಸುಣ್ಣ ಇನ್ನೂ ಅಂಟಿಕೊಂಡಿತ್ತು, ಚರ್ಮ ಸಾಬೂನು ಹಚ್ಚಿದ ಹಾಗೆ ಜಾರುತ್ತಿತ್ತು. ಇಪ್ಪತ್ತು ನಿಮಿಷ ನೀರು ಬಿಡುತ್ತಲೇ ಇದ್ದರು, ನನ್ನ ಕೈ ಮಾತ್ರ ಬಿಡಲಿಲ್ಲ. ಎಷ್ಟು ಒಳ್ಳೆಯ ಅತ್ತೆ ಸಿಕ್ಕಿದ್ದಾರೆ ನನಗೆ!

ಆಮೇಲೆ ಇವರು ಬಂದು ನೋಡಿ, "ಕೆಮಿಸ್ಟ್ರಿಲಿ ತೊಂಬತ್ತೆಂಟು ಮಾರ್ಕ್ಸು ಹೇಳಿ ನೀನೇ ಹೇಳಿದ್ದೆ ಅಲ್ದನೆ?" ಎಂದು ನಕ್ಕರು. ಬೆರಳ ಸುತ್ತ ಈಗ ಕೆಂಪು ಗೆರೆಯೊಂದಿದೆ. ಅದು ಮಾಯುವವರೆಗೆ ಉಂಗುರ ಅತ್ತೆಯ ಕಪಾಟಿನಲ್ಲಿ.

ಹಾಗಾಗಿ ಮಂಗಳೂರಿನ ಗೆಳತಿಯರೇ, ಬರಿಬೆರಳು ನೋಡಿ "ಇಷ್ಟು ಬೇಗ ಜಗಳವೇ?" ಎಂದು ಪಿಸುಗುಡಬೇಡಿ. ಶನಿವಾರ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದೇನೆ.