ಜೋಕುಮಾರನ ಬಾಯಿಯ ಮಣ್ಣು

ದಾವಣಗೆರೆಯಿಂದ ಹರಿಹರಕ್ಕೆ ಬೆಳಗಿನ ಬಸ್ಸು ಹಿಡಿದೆ. ಟಿಕೆಟ್ಟಿಗೆ ಆರಾಣೆ ಕೊಟ್ಟರೂ ಕೂತದ್ದು ಯಾರದೋ ಮೆಣಸಿನಕಾಯಿ ಚೀಲದ ಮೇಲೆ. ಭಾದ್ರಪದದ ಮೋಡವಿತ್ತು, ಮಳೆಯಿರಲಿಲ್ಲ. ಊರ ಮುಖಂಡರನ್ನೇ ಮಣ್ಣಿನಲ್ಲಿ ಹಂಗಿಸುವ ಕುಂಬಾರನೊಬ್ಬ ಗುತ್ತೂರಿನಲ್ಲಿದ್ದಾನೆಂದು ಕೇಳಿ ಹೊರಟಿದ್ದೆ. ಮೈಸೂರಿನಲ್ಲಿ ಪಿಸುಮಾತಿಗೂ ಹೆದರುವ ನಮ್ಮಂಥವರಿಗೆ ಅಂಥವನನ್ನು ನೋಡುವ ಚಪಲ.

ಹರಿಹರದಲ್ಲಿಳಿದು ಗುತ್ತೂರಿಗೆ ನಡೆದೆ. ಕುಂಬಾರ ಗಿರಿಯಪ್ಪ "ಬರ್ರಿ ಸ್ವಾಮಿ, ಕೂಡ್ರಿ" ಎಂದು ಚಾಪೆ ಹಾಸಿ, ಆ ವರ್ಷದ ಜೋಕುಮಾರನನ್ನು ತಂದಿಟ್ಟ. ನಮ್ಮ ಕಡೆ ಈ ದೇವರಿಲ್ಲ. ಇಲ್ಲಿ ಹೆಂಗಸರು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು, ತೆರೆದ ಬಾಯಿಗೆ ಬೆಣ್ಣೆ ಸವರಿ, ಮನೆಮನೆಗೆ ಒಯ್ದು ಜೋಳ ಪಡೆಯುತ್ತಾರೆ. ಗಿರಿಯಪ್ಪನ ಜೋಕುಮಾರನಿಗೆ ಮುಖಂಡರ ಮುಖ, ಅವರದೇ ಟೋಪಿ. ಬಾಯಿ ತುಂಬ ಕರಿಮಣ್ಣು.

"ನಮ್ಮ ಕೆರೆಯಂಗಳದ ಮಣ್ಣು ರೀ. ಆ ಜಾಗನ ಈ ಮುಖಂಡ ಕಾರ್ಖಾನಿಗೆ ಕೊಡ್ಸ್ಯಾನೆ. ನಾಳೆ ಬೇಲಿ ಬೀಳ್ತೈತೆ. ನಮ್ಮ ಬಾಯಿಗೆ ಮಣ್ಣು ಹಾಕ್ದೋನ ಬಾಯಾಗೂ ಮಣ್ಣೇ ಇರ್ಲಿ. ಇವತ್ತು ಅವನ ಬಾಗ್ಲಿಗೇ ಹೋಗ್ತೈತೆ, ಊರು ನೋಡ್ಲಿ."

"ಆ ಮಣ್ಣು ಹೋದ್ರೆ ಗಡಿಗಿ ತಿರುವೋ ತಿಗರಿ ಒಲಿಗೆ ಹಾಕೋದೇ" ಎಂದಳು ಒಳಗಿನಿಂದ ಅವನ ಹೆಂಡತಿ.

ಬುಟ್ಟಿ ಹೊರುವ ಹಾಲವ್ವ ಬಂದು ಮೂರ್ತಿಯನ್ನು ಬೇವಿನಸೊಪ್ಪಿನ ಮೇಲಿಟ್ಟುಕೊಂಡು ಹೋದಳು. ನಾವು ಜೋಳದ ರೊಟ್ಟಿ ತಿಂದು ಮುಖಂಡರ ಮನೆಯ ಮುಂದೆ ಹೋಗಿ ನಿಂತೆವು. ಜನ ಆಗಲೇ ಸೇರಿದ್ದರು.

ಮುಖಂಡರು ಹೊರಬಂದು ಬುಟ್ಟಿಯೊಳಗೆ ಬಗ್ಗಿ ನೋಡಿದರು. "ಅರೆ, ನನ್ನಂಗೇ ಐತಲ್ಲ!" ಎಂದು ಹೊಟ್ಟೆ ಕುಣಿಸಿ ನಕ್ಕರು. ಜನರೂ ನಕ್ಕರು. ಮೂರ್ತಿಯ ಬಾಯಲ್ಲಿ ಮಣ್ಣಿರಲಿಲ್ಲ, ಬಿಳೀ ಬೆಣ್ಣೆಯಿತ್ತು. ಅವರೂ ಒಂದು ಬೆರಳು ಬೆಣ್ಣೆ ಮೆತ್ತಿ, ಮೊರ ತುಂಬ ಜೋಳ ಹಾಕಿಸಿದರು.

ಗಿರಿಯಪ್ಪನ ಮುಖ ಕಪ್ಪಿಟ್ಟಿತು. ಹಾಲವ್ವ ಖುಷಿಯಿಂದ ಹತ್ತಿರ ಬಂದಳು. "ದೇವ್ರ ಬಾಯಾಗೆ ಮಣ್ಣು ಸಿಕ್ಕಂಡಿತ್ತು ಗಿರಿಯಣ್ಣ. ಪಾಪ ಅನ್ನಿಸ್ತು. ಕೆದರಿ ತೆಗೆದು ಬೆಣ್ಣೆ ಇಟ್ಟೆ."

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬಾಯಿ ತೆರೆದೆ. ಗಿರಿಯಪ್ಪ ಕೈ ಹಿಡಿದ. "ಬೈಬ್ಯಾಡ್ರಿ. ನನ್ನ ಹೆಂಡ್ತಿ ಆಗಿದ್ರೂ ಹಂಗೇ ಮಾಡ್ತಿದ್ಲು."

ರಾತ್ರಿ ಅವನ ಮನೆಯಲ್ಲೇ ಉಳಿದೆ. ಬೆಳಗಾಗುವಾಗ ಕೆರೆಯಂಗಳದಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆಯುತ್ತಿದ್ದರು. ತಡೆಯಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹಿಂದಿನ ದಿನ ನಕ್ಕವರಲ್ಲೇ ಕೆಲವರು ಕೂಲಿಗೆ ಗುಂಡಿ ತೋಡುತ್ತಿದ್ದರು. ಈ ದೇಶದಲ್ಲಿ ಹಂಗಿಸಿದರೂ ಅದು ಪೂಜೆಯಾಗಿಬಿಡುತ್ತದೆ ಎನ್ನಿಸಿ ಜೀವ ಬೇಸತ್ತಿತು.

ಹರಿಹರದವರೆಗೂ ಗಿರಿಯಪ್ಪ ನನ್ನ ಜೊತೆ ನಡೆದು ಬಂದ. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿ, "ಬರೋ ವರ್ಷ ಇನ್ನೊಂದು ಮಾಡಪ್ಪ, ನೋಡೋಕೆ ಬರ್ತೀನಿ" ಎಂದು ಕೂಗಿದೆ.

"ಮಾಡ್ತೀನ್ರಿ" ಎಂದ. "ಬರುವಾಗ ಮಣ್ಣು ತರ್ರಿ."