ಎಡಗಡೆಯ ಎತ್ತಿಗೆ ಹೇಳಿದ ಮಾತು

ನನ್ನ ರಜೆ ಮುಗಿಯಲು ಎರಡೇ ದಿನ ಉಳಿದಿದ್ದಾಗ ಹೊಲಕ್ಕೆ ಹದ ಬಂತು.

ಅದು ಯುದ್ಧದ ಕಾಲ. ನಾನು ಫೌಜಿನಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಗುಡ್ಡ ಹತ್ತಿಸುವ ಕೆಲಸದಲ್ಲಿದ್ದೆ. ಮೂರು ವರ್ಷದ ಮೇಲೆ ಸಿಕ್ಕ ರಜೆಯಲ್ಲಿ ಆಡಕಿ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಆ ವರ್ಷ ಉತ್ತರಿ ಮಳೆ ಕೈಕೊಟ್ಟಿತ್ತು. ಹಸ್ತಾ ಮಳೆ ಬಂದದ್ದು ತಡವಾಗಿ, ಆದರೆ ಒಂದು ದಿನ, ಒಂದು ರಾತ್ರಿ ಬಿಡದೆ ಸುರಿಯಿತು. ನಿಂತ ಮೂರನೆಯ ಬೆಳಿಗ್ಗೆ ಅಪ್ಪ ಒಂದು ಹಿಡಿ ಎರೆಮಣ್ಣು ಹಿಚುಕಿ ಉಂಡೆ ಮಾಡಿ ನೆಲಕ್ಕೆ ಬಿಟ್ಟ. ಉಂಡೆ ಒಡೆದು ಪುಡಿಯಾಯಿತು.

"ಹದ ಬಂದಾದ. ಎಲ್ಡು ದಿನ, ಭಾಳಂದ್ರ ಮೂರು. ಆಮ್ಯಾಲ ಮ್ಯಾಲಿನ ಹಸಿ ಆರಿ ಹೋಗ್ತದ" ಎಂದ.

ಆ ಹದದಲ್ಲಿ ಬಿಳಿಜೋಳ ಬೀಳದಿದ್ದರೆ ಮುಂದಿನ ವರ್ಷ ಮನೆಯಲ್ಲಿ ರೊಟ್ಟಿ ಇಲ್ಲ. ವಾರದ ಹಿಂದೆ ಎತ್ತು ತುಳಿದು ಅಪ್ಪನ ಪಾದ ಬಾತಿತ್ತು, ಊರೂರೇ ಬಿತ್ತನೆಗೆ ಇಳಿದಿದ್ದರಿಂದ ಬೇರೆ ಆಳೂ ಸಿಗುವಂತಿರಲಿಲ್ಲ. ನಮ್ಮ ಕಡೆ ಒಂದು ಜೋಡಿ ಎತ್ತು ಒಂದು ದಿನದಲ್ಲಿ ಬಿತ್ತುವಷ್ಟು ನೆಲಕ್ಕೆ ಒಂದು ಕೂರಿಗೆ ಎನ್ನುತ್ತಾರೆ. ನಮ್ಮದು ಎರಡು ಕೂರಿಗೆ ಹೊಲ. ಎರಡನೆಯ ದಿನದ ಸಂಜೆ ಸೇಡಂ ಸ್ಟೇಷನ್ನಿನಲ್ಲಿ ನನ್ನ ಗಾಡಿ. ಅಲ್ಲಿಗೆ ಮೂರು ಹರದಾರಿ ನಡೆಯಬೇಕು. ಒಂದು ದಿನ ತಡವಾದರೂ ಫೌಜಿನಲ್ಲಿ ಶಿಕ್ಷೆ. ಹೇಗೆ ಲೆಕ್ಕ ಹಾಕಿದರೂ ಅರ್ಧ ದಿನ ಕಡಿಮೆ ಬೀಳುತ್ತಿತ್ತು.

ಆ ಅರ್ಧ ದಿನವನ್ನು ಕಾಲಿನ ಜೋರಿನಿಂದ ಗಳಿಸುತ್ತೇನೆ ಎಂದು ನಿರ್ಧರಿಸಿ ಎತ್ತು ಕಟ್ಟಿದೆ.

ಮೂರು ತಾಳಿನ ಕೂರಿಗೆ. ನೆಲ ಸೀಳುವ ಮೂರು ಮೊನೆಗಳ ಹಿಂದೆ ಮೂರು ಬಿದಿರಿನ ಕೊಳವೆ, ಅವುಗಳ ನೆತ್ತಿಯಲ್ಲಿ ಒಂದು ಮರದ ಬಟ್ಟಲು. ಉಡಿಯಲ್ಲಿ ಜೋಳ ಕಟ್ಟಿಕೊಂಡು ನನ್ನ ಹೆಂಡತಿ ಆ ಬಟ್ಟಲಿಗೆ ಕಾಳು ಬಿಡುತ್ತ ಬರುತ್ತಿದ್ದಳು. ಅಪ್ಪ ಬದುವಿನ ಮೇಲೆ ಕಾಲು ಚಾಚಿ ಕುಳಿತಿದ್ದ.

ಮೈಯಲ್ಲಿ ಹುರುಪು ತುಂಬಿತ್ತು. ಮೂರು ವರ್ಷ ಕಲ್ಲುದಾರಿ ತುಳಿದ ಕಾಲಿಗೆ ಎರೆಮಣ್ಣು ಹಾಸಿಗೆಯಂತಿತ್ತು. ಎತ್ತುಗಳು ಕಿವಿ ನಿಮಿರಿಸಿ ನಡೆದವು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ ಕೇಳಿತು.

"ಏನಪ್ಪಾ ಎಡಗಡಿ ಎತ್ತಪ್ಪ, ನಿನ್ನ ಬೆನ್ನಿಗಿ ಯಾರರ ಬಂದೂಕ ಹಿಡದಾರೇನು?"

ಎತ್ತು ಎಳೆದಾಡುತ್ತಿದೆ ಎಂದು ಅವಳು ಬೈಯುತ್ತಿದ್ದಾಳೆ ಅಂದುಕೊಂಡು ಹಗ್ಗ ಸರಿಮಾಡಿದೆ. ಎರಡನೆಯ ಸುತ್ತಿನಲ್ಲಿ ಮತ್ತೆ:

"ಈ ಎತ್ತು ಫೌಜಿಗಿ ಹೋಗಿ ಬಂದಂಗ ಕಾಣ್ತದ. ನೆಲ ನೋಡಲ್ದೆ ಮುಗಲು ನೋಡ್ಕೊಂತ ನಡಿಲಿಕತ್ತದ!"

ನನಗೆ ನಗು ಬಂತು. ನಡೆಯುವ ಎತ್ತಿಗೆ ಯಾಕೆ ಬೈಯುತ್ತಾಳೆ ಎಂದು ಬಾರಕೋಲು ಬೀಸಿ ಇನ್ನಷ್ಟು ಜೋರು ಮಾಡಿದೆ. ನಾಲ್ಕನೆಯ ಸುತ್ತಿಗೆ ಅವಳು ಅಕ್ಷರಶಃ ಓಡುತ್ತಿದ್ದಳು.

"ಎತ್ತಪ್ಪಾ, ನಿನಗ ಕೈ ಮುಗಿತೀನಿ, ಜರಾ ಸಾವಕಾಶ!"

ಅಷ್ಟರಲ್ಲಿ ಅಪ್ಪ ಕುಂಟುತ್ತ ಹೊಲದೊಳಗೆ ಬಂದಿದ್ದ. ಬಿತ್ತಿದ ಸಾಲನ್ನು ಬೆರಳಿನಿಂದ ಕೆದರಿದ. ಗೇಣುದ್ದ ಕೆದರಿದರೆ ಒಂದು ಕಾಳು. ಇನ್ನೊಂದು ಗೇಣಿಗೆ ಅದೂ ಇಲ್ಲ.

"ಲೇ, ನಿಲ್ಲಸು ಎತ್ತು! ಆಕಿ ಆಗಿನಿಂದ ಹೇಳಾಕತ್ತಿದ್ದು ಯಾರಿಗಿ ಅಂತ ತಿಳಕೊಂಡಿದ್ದಿ?"

"ಎತ್ತಿಗಿ."

"ಎತ್ತಿಗಿ ಭಿ ತಿಳದಾದ. ನಿನಗ ತಿಳದಿಲ್ಲ."

ಮಾವನ ಎದುರಿಗೆ ಸೊಸೆ ಗಂಡನೊಂದಿಗೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೇಳಲೇಬೇಕಾದ್ದನ್ನು ದನಕ್ಕೆ, ಕೂಸಿಗೆ, ಬಾಗಿಲಿಗೆ ಹೇಳುತ್ತಿದ್ದರು; ಕೇಳಬೇಕಾದವರು ಕೇಳಿಸಿಕೊಳ್ಳುತ್ತಿದ್ದರು. ಅಂಥ ಮನೆಯಲ್ಲೇ ಹುಟ್ಟಿ ಬೆಳೆದವನು ನಾನು. ಮೂರು ವರ್ಷ ಹುಕುಂ ಕೇಳಿ ಕೇಳಿ, ಹೆಸರು ಕೂಗಿ ಹೇಳಿದ ಮಾತಷ್ಟೇ ನನಗೆ ಎಂಬ ರೂಢಿಯಾಗಿತ್ತು. ತಿರುಗಿ ನೋಡಿದೆ. ಅವಳ ಮುಖದ ತುಂಬ ಬೆವರು, ಸೆರಗಿನ ಮರೆಯಲ್ಲಿ ನಗು.

"ಮತ್ತ ಬಿತ್ತಬೇಕಾ?" ಅಪ್ಪನನ್ನು ಕೇಳಿದೆ.

"ಬಿತ್ತಲಿಕ್ಕ ಯಾಳ್ಯಾ ಎಲ್ಲದ? ಈ ಸಾಲಿನ ನಡಕ ಆಮ್ಯಾಲ ಕುಸುಬಿ ಉದರಸ್ತೀವಿ. ನೀ ಆಕಿ ಕೈ ನೋಡ್ಕೊಂಡು ನಡಿ."

ಬಿತ್ತುವವರ ಬೆರಳ ಸಂದಿಯಿಂದ ಕಾಳು ಇಳಿಯುವುದು ಒಂದೇ ಹದದಲ್ಲಿ. ಎತ್ತು ಜೋರಾದರೆ ಸಾಲು ತೆಳು, ನಿಧಾನವಾದರೆ ಒತ್ತು. ಹೊಲದ ನಡಿಗೆಯನ್ನು ತೀರ್ಮಾನಿಸುವುದು ಅವಳ ಕೈಯೇ ಹೊರತು ನನ್ನ ಕಾಲಲ್ಲ. ನಾನು ಹೆಜ್ಜೆ ಸಣ್ಣದು ಮಾಡಿದೆ. ಹಿಂದೆ ಬಳೆಗಳ ಸದ್ದು ಸಮನಾಗಿ ಬರತೊಡಗಿತು. ಅದು ತಪ್ಪಿದರೆ ಹಗ್ಗ ಎಳೆದು ಹಿಡಿಯುತ್ತಿದ್ದೆ.

ಆಶ್ಚರ್ಯವೆಂದರೆ ಕೆಲಸ ಹಿಂದೆ ಬೀಳಲಿಲ್ಲ. ಎತ್ತುಗಳಿಗೆ ಏದುಸಿರು ಬರಲಿಲ್ಲ. ಕೊಳವೆಗೆ ಮಣ್ಣು ಕಟ್ಟಿ ನಿಲ್ಲಿಸುವುದು ತಪ್ಪಿತು. ಹೊತ್ತು ಮುಳುಗುವ ಮುಂಚೆ ಒಂದು ಕೂರಿಗೆ ಮುಗಿದೇಹೋಯಿತು. ಮರುದಿನ ಸೂರ್ಯನ ಜೊತೆಗೇ ಕೂರಿಗೆ ಹೂಡಿದೆವು. ರೊಟ್ಟಿಯನ್ನು ಎತ್ತು ತಿರುಗಿಸುವ ಬದುವಿನ ಬಳಿ ನಿಂತೇ ತಿಂದೆವು. "ಈಗ ಛಲೋ ನಡಿಲಿಕತ್ತದ ಎಡಗಡಿ ಎತ್ತು" ಎಂದಳು ಅವಳು, ಎತ್ತಿಗೆ. ಬಲಗಡೆಯದಕ್ಕೆ ಒಮ್ಮೆಯೂ ಏನೂ ಹೇಳಲಿಲ್ಲ.

ಬಿಸಿಲು ಪಡುವಣಕ್ಕೆ ವಾಲಿದಾಗ ನಾಲ್ಕು ಸುತ್ತು ಉಳಿದಿದ್ದವು. ಇನ್ನೊಂದು ಸುತ್ತು ಹಾಕೋಣ ಎಂದು ಎತ್ತು ತಿರುಗಿಸುತ್ತಿದ್ದೆ. ಅಪ್ಪ ಬಂದು ನನ್ನ ಕೈಯಿಂದ ಕೂರಿಗೆ ಕಿತ್ತುಕೊಂಡ.

"ಕಾಲು?" ಅಂದೆ.

"ನಾಕು ಸುತ್ತಿಗಿ ಸಾಯಂಗಿಲ್ಲ. ನಡಿ ನೀ. ಈಗ ಹಾಕು ನಿನ್ನ ಪರೇಡ, ಯಾರು ಬ್ಯಾಡ ಅಂತಾರ ನೋಡ್ತೀನಿ!"

ಅವಳು ಎಡಗಡೆಯ ಎತ್ತಿನ ಕೊರಳು ಸವರಿ, "ದಾರ್ಯಾಗ ನೀರು ಕುಡಿ" ಎಂದಳು. ಈ ಸಲ ನಾನು "ಹೂಂ" ಅಂದೆ.

ಮೂರು ಹರದಾರಿಯನ್ನು ನಡೆದೆನೋ ಓಡಿದೆನೋ ಹೇಳಲಾರೆ. ಸಿಗ್ನಲ್ ಬಿದ್ದಿತ್ತು. ಗಾಡಿ ಹೊರಟಾಗ ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು. ಚಿತ್ತಾಪುರ ಬರುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ವಾಡಿಯಲ್ಲಿ ಗಾಡಿ ಬದಲಿಸುವಾಗ ತಲೆಯಲ್ಲಿ ಒಂದೇ ಪ್ರಶ್ನೆ: ಆ ನಾಲ್ಕು ಸುತ್ತು ಏನಾದವು?

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಊರ ಕುಲಕರ್ಣಿಯವರ ಕೈಯಿಂದ ಅಪ್ಪ ಬರೆಸಿದ ಕಾಗದ. ಸುತ್ತಲೂ ಗುಡ್ಡ, ಹೇಸರಗತ್ತೆಗಳು ಮೇಯುತ್ತಿದ್ದವು. ಕಲ್ಲಿನ ಮೇಲೆ ಕುಳಿತು ಒಡೆದೆ. ನಾಲ್ಕು ಸುತ್ತೂ ಆ ದಿನವೇ ಮುಗಿದಿದ್ದವು. ಅಪ್ಪ ಆಮೇಲೆ ಎಂಟು ದಿನ ಏಳಲಿಲ್ಲವಂತೆ. ಜೋಳ ಎದೆಯೆತ್ತರ ಬಂದಿತ್ತು. ಬದುವಿನ ಬಳಿಯ ತೆಳು ಸಾಲುಗಳಲ್ಲಿ ಕುಸುಬಿ ಎದ್ದಿತ್ತು. ದಾರಿಹೋಕರು ನಿಂತು ಕೇಳಿದರೆ ಅಪ್ಪ "ಅದು ಮಿಲಿಟರಿ ಬಿತ್ತಿಗಿ" ಅನ್ನುತ್ತಿದ್ದನಂತೆ.

ಕೊನೆಗೆ, ಸಹಿಯ ಕೆಳಗೆ, ಜಾಗವಿಲ್ಲದಲ್ಲಿ ತುರುಕಿದ ಒಂದು ಸಾಲು ಇತ್ತು. ಇದನ್ನೂ ಬರೆಯಬೇಕೇ ಎಂದು ಕುಲಕರ್ಣಿಯವರು ಎರಡು ಸಲ ಕೇಳಿದರೆಂದು ಆಮೇಲೆ ತಿಳಿಯಿತು.

"ಎಡಗಡೆಯ ಎತ್ತು ಕ್ಷೇಮವಾಗಿ ಜಲ್ದಿ ಮನೆಗೆ ಬರಬೇಕು."