ಸಂಗೀತದ ಮೇಡಂ ದನಿ

ಹೊಸಪೇಟೆಯ ನಮ್ಮ ಓಣಿಯಲ್ಲಿದ್ದ ಸಂಗೀತದ ಮೇಡಂಗೆ ಅದಿರು ಲಾರಿಗಳ ಧೂಳು ಕುಡಿದು ಕುಡಿದು ದನಿ ಒಡೆದಿತ್ತು. ಬರೆದ ಸ್ವರವನ್ನು ನುಡಿಸಿ ತೋರಿಸುವ ಸಾಫ್ಟ್‌ವೇರ್ ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಪ್‌ಡೇಟ್ ಹಾಕಿದ ಮೇಲೆ ಅದೂ ಮೂಕವಾಯಿತು. ಸರಿಮಾಡಲು ಕಂಪ್ಯೂಟರ್ ರಿಪೇರಿ ಮಾಡುವ ನನ್ನನ್ನು ಕರೆದರು. ಸ್ಪೀಕರ್, ವೈರು, ಸೆಟ್ಟಿಂಗ್ ಎಲ್ಲ ನೋಡಿದೆ. ನಾನು ಸೋತಾಗಲೆಲ್ಲ ಮೇಡಂ, “ಇರ್ಲಿ, ಸಾವಕಾಶ ನೋಡ್ರಿ,” ಎನ್ನುತ್ತ ಸೆರಗಿನಿಂದ ಕೀಬೋರ್ಡಿನ ಕೆಂಧೂಳು ಒರೆಸುತ್ತಿದ್ದರು.

ಮಕ್ಕಳು ಕಾದು ಬೇಸತ್ತಾಗ ತಾವೇ ಹಾಡಿದರು. ಮೇಲಿನ ಷಡ್ಜದಲ್ಲಿ ದನಿ ಸೀಳಿತು. ಮಕ್ಕಳು ಅದೂ ಪಾಠವೆಂದುಕೊಂಡು ಅಲ್ಲೇ ದನಿ ಸೀಳಿಸಿ ಹಾಡಿದರು. ಮೇಡಂ ಹಾಡು ಅಲ್ಲಿಗೇ ನಿಲ್ಲಿಸಿದರು.

ಕೊನೆಗೆ ಅಪ್‌ಡೇಟ್ ತೆಗೆದು, ಹಳೆಯ ಸಿ.ಡಿ.ಯಿಂದ ಮತ್ತೆ ಹಾಕಿದೆ. ಸ್ವರ ನುಡಿಯಿತು.

“ಮೇಡಂ, ನೀವ ಹಾಡ್ರಿ,” ಎಂದಳು ಪುಟ್ಟ ಹುಡುಗಿ.

“ಬ್ಯಾಡವ್ವ. ನನ್ ದನಿ ಕಲೀಬ್ಯಾಡ್ರಿ,” ಎಂದು ಸ್ಪೀಕರ್ ಜೋರು ಮಾಡಿ, ಗೋಡೆಗೊರಗಿ ಕಣ್ಣು ಮುಚ್ಚಿದರು.